ಮದುವೆ ಹಾಲ್ ಬುಕ್ ಮಾಡುವ ಮೊದಲು ದಯವಿಟ್ಟು ಇದನ್ನೊಮ್ಮೆ ಓದಿ

ನನ್ನ ತಂಗಿಯ ಮದುವೆ ಆದದ್ದು 2025ರ ಮೇ ಕೊನೆಯ ವಾರ. ಇಷ್ಟು ದಿನ ಬರೀಲಿಕ್ಕೆ ಮನಸ್ಸಾಗ್ಲಿಲ್ಲ. ಆದ್ರೆ ಮೊನ್ನೆ ನಮ್ಮ ನೆರೆಕರೆಯವರೊಬ್ರು ಮಗಳ ಮದುವೆಗೆ ಹಾಲ್ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟು ಬಂದೆ ಅಂದ್ರು, ಹಾಲ್‌ನವರು ಕೊಟ್ಟ ಪೇಪರ್ ಓದಿದ್ರಾ ಅಂತ ಕೇಳಿದೆ, ಇಲ್ಲಪ್ಪ ಅದು ಮಲಯಾಳದಲ್ಲುಂಟು, ಎಲ್ಲ ಬಾಯಲ್ಲಿ ಮಾತಾಡಿದ್ದೇವೆ ಅಂದ್ರು. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ನಮ್ಮಪ್ಪ ಹೇಳಿದ್ದೂ ಅದೇ ಮಾತು.

ಹಾಲ್‌ನ ಹೆಸರು ಹಾಕುವುದಿಲ್ಲ. ಆಮೇಲೆ ನಾಲ್ಕು ಮಂದಿ ಹತ್ರ ವಿಚಾರಿಸಿದಾಗ ಬೇರೆ ಬೇರೆ ಹಾಲ್‌ನಲ್ಲಿ ಅವರಿಗೂ ಹೀಗೇ ಆಗಿದೆ ಅಂತ ಗೊತ್ತಾಯ್ತು.

ನಾವು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವರು, ಅಡಿಕೆ ತೋಟ. ಅಪ್ಪ ಎರಡು ವರ್ಷ ಚಾಲಿ (ಒಣಗಿಸಿದ ಅಡಿಕೆ) ಕೊಡದೆ ಅಟ್ಟದಲ್ಲಿ ಇಟ್ಟಿದ್ದು ಈ ಮದುವೆಗೇ ಅಂತ. ಖರ್ಚಿನ ಲೆಕ್ಕ ಡೈರಿಯಲ್ಲಿ ಬರೆದಿಟ್ಟಿದ್ರು, ಯಾವುದಕ್ಕೆ ಎಷ್ಟು ಅಂತ ಸಾಲುಸಾಲಾಗಿ. ಚಿನ್ನದ ವಿಷಯದಲ್ಲಂತೂ ನಾವೆಲ್ಲ ಎಷ್ಟು ಜಾಗ್ರತೆ ಮಾಡಿದ್ದೇವೆ ಅಂದ್ರೆ, ಪವನ್ ಅಂದ್ರೆ 8 ಗ್ರಾಮ್ ಅಂತ ಗ್ರಾಮ್‌ಗೆ ಇಳಿಸಿ ಮಂಗಳೂರಿನ ರೇಟ್ ಜೊತೆ ಹೋಲಿಸಿ ನೋಡಿ, ಪಣಿಕ್ಕೂಲಿ (ಒಡವೆ ಮಾಡುವ ಮಜೂರಿ) ಎಷ್ಟು ಪರ್ಸೆಂಟ್ ಅಂತ ಮೂರು ಅಂಗಡಿಯಲ್ಲಿ ಕೇಳಿ, ಪ್ರತಿ ಒಡವೆಯ ಮೇಲಿರೋ ಆರು ಅಕ್ಷರದ ಎಚ್‌ಯುಐಡಿ (ಹಾಲ್‌ಮಾರ್ಕ್) ನಂಬರನ್ನು ಬಿಐಎಸ್ ಕೇರ್ ಅನ್ನೋ ಸರಕಾರಿ ಆಪ್‌ನಲ್ಲಿ ಹಾಕಿ ನೋಡಿಯೇ ದುಡ್ಡು ಕೊಟ್ಟದ್ದು. ಅಷ್ಟು ಜಾಗ್ರತೆ ಹಾಲ್‌ಗೆ ಮಾಡ್ಲಿಲ್ಲ. ಡೈರಿಯಲ್ಲಿ ಒಂದೇ ಸಾಲು, "ಹಾಲ್ ಎಸಿ ಸೇರಿ 80,000".

ಆ 80,000 ಮೇನೇಜರ್ ಬಾಯಲ್ಲಿ ಹೇಳಿದ್ದು. ಬಾಡಿಗೆ 60, ಎಸಿಗೆ 20, ಅಷ್ಟೇ ಅಂತ, ಅದೂ ಕನ್ನಡದಲ್ಲಿ, ಬಹಳ ಪ್ರೀತಿಯಿಂದ. ಆಮೇಲೆ ಎರಡು ಪುಟದ ಫಾರ್ಮ್ ಮುಂದಿಟ್ರು, ಪೂರ್ತಿ ಮಲಯಾಳ. ಅಪ್ಪ ಕನ್ನಡ ಮೀಡಿಯಂ, ಮಲಯಾಳ ಚೆನ್ನಾಗಿ ಮಾತಾಡ್ತಾರೆ, ಓದ್ಲಿಕ್ಕೆ ಬರುವುದಿಲ್ಲ. ನಮ್ಮೂರಲ್ಲಿ ಅವರ ಪ್ರಾಯದ ಎಷ್ಟೋ ಜನ ಹಾಗೇ. ಸರಕಾರಿ ಆಫೀಸಾದ್ರೆ ಕನ್ನಡದಲ್ಲಿ ವ್ಯವಹಾರ ಮಾಡುವ ಹಕ್ಕು ನಮಗುಂಟು, ಪ್ರೈವೇಟ್ ಹಾಲ್‌ನಲ್ಲಿ ಯಾರು ಕೇಳ್ತಾರೆ. ಅಪ್ಪ ಸೈನ್ ಹಾಕಿ 40,000 ಅಡ್ವಾನ್ಸ್, 25,000 ಡೆಪಾಸಿಟ್ ಕೊಟ್ಟು ಬಂದ್ರು. ನಾನು ಬೆಂಗಳೂರಲ್ಲಿದ್ದೆ. ಫಾರ್ಮ್‌ನ ಒಂದು ಫೋಟೋ ಕಳಿಸಿ ಅಂತ ಒಂದು ಮಾತು ಹೇಳಿದ್ರೆ ಆಫೀಸಲ್ಲಿ ಪಕ್ಕದ ಸೀಟಿನ ಮಲಯಾಳಿ ಫ್ರೆಂಡ್ ಐದು ನಿಮಿಷದಲ್ಲಿ ಓದಿ ಹೇಳ್ತಿದ್ದ. ನಾನು ಹೇಳ್ಲಿಲ್ಲ.

ಆ ವರ್ಷ ಮಳೆಗಾಲ ಮೇ 24ಕ್ಕೇ ಕೇರಳಕ್ಕೆ ಬಂತಲ್ಲ, ನಮ್ಮ ಮದುವೆ ದಿನ ಜಡಿಮಳೆ. ಹೈವೇ ಕೆಲಸ ಆಗ್ತಿರೋ ಕಡೆಯೆಲ್ಲ ನೀರು, ಬರ್ತೇವೆ ಅಂದವರು ಅರ್ಧ ದಾರಿಯಿಂದ ತಿರುಗಿ ಹೋದ್ರು, ದಿಬ್ಬಣ ಬಂದದ್ದೇ ಮುಕ್ಕಾಲು ಗಂಟೆ ಲೇಟು. ಮುಹೂರ್ತ ಹೇಗೋ ತಪ್ಪಲಿಲ್ಲ, ದೇವರು ದೊಡ್ಡವನು. ಆದ್ರೆ ಬೆಳಿಗ್ಗೆ ಹೋದ ಕರೆಂಟ್ ಬಂದದ್ದು ಮಧ್ಯಾಹ್ನದ ಮೇಲೆ. ಜನರೇಟರ್ ಓಡ್ತಾ ಇತ್ತು, ಅದಕ್ಕೆ ಬೇರೆ ದುಡ್ಡು ಅಂತ ನಮಗೆ ಯಾರಿಗೂ ಗೊತ್ತಿಲ್ಲ.

ಸಂಜೆ ನಾಲ್ಕೂವರೆಗೆ ತಂಗಿಯನ್ನು ಕಳಿಸಿಕೊಡುವ ಹೊತ್ತು. ಮದುಮಗನ ಕಾರು ಪೋರ್ಚಲ್ಲಿ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದಾರೆ, ತಂಗಿ ಅಮ್ಮನನ್ನು ಹಿಡ್ಕೊಂಡು ಅಳ್ತಿದ್ದಾಳೆ, ಎಲ್ಲರೂ ಅಪ್ಪ ಎಲ್ಲಿ ಅಪ್ಪ ಎಲ್ಲಿ ಅಂತ ಕೇಳ್ತಿದ್ದಾರೆ. ನಾನು ಹುಡುಕಿಕೊಂಡು ಹೋದ್ರೆ ಅಪ್ಪ ಹಾಲ್‌ನ ಆಫೀಸ್ ರೂಮಲ್ಲಿ. ಧಾರೆಗೆ ಉಟ್ಟ ಮುಂಡು ಶಾಲಲ್ಲೇ ಕುರ್ಚಿಯಲ್ಲಿ ಕೂತಿದ್ದಾರೆ, ಮಡಿಲಲ್ಲಿ ಉಡುಗೊರೆ ಕವರ್‌ಗಳ ಚೀಲ. ಒಂದೊಂದೇ ಕವರ್ ಹರಿದು ನೋಟು ತೆಗೆದು ಟೇಬಲ್ ಮೇಲೆ ಜೋಡಿಸ್ತಿದ್ದಾರೆ, ಕೈ ನಡುಗ್ತಾ ಇತ್ತು. ಬಿಲ್ 1,54,580. ಅಡ್ವಾನ್ಸ್ ಕಳೆದು 1,14,580 ಈಗಲೇ ಕೊಡ್ಬೇಕು, ಇಲ್ಲದಿದ್ರೆ ನಿಮ್ಮ ಸಾಮಾನು ಪಾತ್ರೆ ಯಾವುದೂ ಗೇಟ್ ದಾಟುವುದಿಲ್ಲ ಅಂತ ಹೇಳಿದ್ರಂತೆ. ಅಪ್ಪನ ಹತ್ರ ಇದ್ದದ್ದು 40,000. ನಾನು ಬೆಳಿಗ್ಗೆಯೇ ಅಡಿಗೆಯವರಿಗೆ, ಫೋಟೋದವರಿಗೆ ಜಿಪೇ ಮಾಡಿದ್ದೆ, ದಿನದ 1 ಲಕ್ಷದ ಲಿಮಿಟ್ ಮುಗಿದಿತ್ತು. ನೂರಕ್ಕೂ ಹೆಚ್ಚು ಕವರ್ ಹರಿದ ಮೇಲೆ ಲೆಕ್ಕ ಆಯ್ತು. ಅಷ್ಟೊತ್ತಿಗೆ ರಾಹುಕಾಲ ಬರ್ತದೆ ಅಂತ ಮದುಮಗನ ಕಡೆ ಹಿರಿಯರು ಅವಸರ ಮಾಡಿ ಕಾರು ಹೊರಟಾಗಿತ್ತು. ಮಗಳನ್ನು ಕಾರಿಗೆ ಹತ್ತಿಸ್ಲಿಕ್ಕೆ ಅಪ್ಪನಿಗೆ ಆಗ್ಲಿಲ್ಲ.

ಆ ಬಿಲ್ಲಲ್ಲಿ ಏನಿತ್ತು ಅಂತ ಬಿಡಿಸಿ ಹೇಳ್ತೇನೆ, ನೀವು ಕೇಳ್ಬೇಕಾದ್ದು ಅದನ್ನೇ. ಬಾಡಿಗೆ ಎಸಿ 80,000 ಸರಿ. ಹಿಂದಿನ ದಿನ ಸಂಜೆ ನಾಲ್ಕಕ್ಕೆ ಅಡಿಗೆಯವರು ಪಾತ್ರೆ ಇಳಿಸಿದ್ದಕ್ಕೆ 15,000, ಯಾಕಂದ್ರೆ ಅವರ ಲೆಕ್ಕದಲ್ಲಿ ಬಾಡಿಗೆ ದಿನ ಶುರುವಾಗುವುದು ಸಂಜೆ ಆರಕ್ಕೆ. ಕರೆಂಟ್ 400 ಯೂನಿಟ್, ಯೂನಿಟ್‌ಗೆ 20ರ ಹಾಗೆ 8,000. ಮೀಟರ್ ರೀಡಿಂಗ್ ನಮ್ಮ ಎದುರು ಯಾರೂ ತೆಗೆದಿಲ್ಲ. ಜನರೇಟರ್ ಗಂಟೆಗೆ 3,000, ಐದು ಗಂಟೆ, 15,000. ಕ್ಲೀನಿಂಗ್ 8,000, ಎಲೆ ಕಸ ಸಾಗಿಸ್ಲಿಕ್ಕೆ 5,000. ಇದಕ್ಕೆಲ್ಲ ಮೇಲಿಂದ 18 ಪರ್ಸೆಂಟ್ ಜಿಎಸ್‌ಟಿ, 23,580. ಡೆಪಾಸಿಟ್‌ನಲ್ಲಿ 12,000 ಹಿಡ್ಕೊಂಡ್ರು, ಡೆಕೊರೇಶನ್‌ನವರು ಟೇಪ್ ಅಂಟಿಸಿ ಗೋಡೆಯ ಪೈಂಟ್ ಹೋಗಿದೆ ಅಂತ. ಫ್ರೆಂಡ್ ಹತ್ರ ಆಮೇಲೆ ಓದಿಸಿದ್ರೆ ಇಷ್ಟೂ ಆ ಎರಡನೇ ಪುಟದಲ್ಲಿ ಉಂಟು, ಅಪ್ಪನ ಸೈನ್‌ನ ಮೇಲೆಯೇ. ಅದು ಬಹಳ ನೋವಾಯ್ತು.

ಜಿಎಸ್‌ಟಿ ಮಾತ್ರ ವಾಪಸ್ ಬಂತು. ಎರಡು ವಾರ ಆದ್ಮೇಲೆ ಅಕೌಂಟ್ಸ್ ಕೆಲಸ ಮಾಡುವ ಭಾವ ಬಿಲ್ ನೋಡಿ, ಇದರಲ್ಲಿ ಜಿಎಸ್‌ಟಿ ನಂಬರೇ ಇಲ್ಲವಲ್ಲ ಅಂದ್ರು. ಹಾಲ್ ಬಾಡಿಗೆಗೆ 18 ಪರ್ಸೆಂಟ್ ಇರುವುದು ಹೌದು, ಆದ್ರೆ ರಿಜಿಸ್ಟರ್ ಆಗಿ 15 ಅಕ್ಷರದ ನಂಬರ್ ಇದ್ದವರು ಮಾತ್ರ ತಗೊಳ್ಬಹುದು. ನಾನು ಗ್ರಾಹಕರ ಹೆಲ್ಪ್‌ಲೈನ್ 1915ಕ್ಕೆ ಕಾಲ್ ಮಾಡಿ ದೂರು ಹಾಕಿದೆ, ಒಂದು ತಿಂಗಳಲ್ಲಿ ಹಾಲ್‌ನವರು ಚೆಕ್ ಕಳಿಸಿದ್ರು. ಉಳಿದದ್ದಕ್ಕೆ ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಹೋಗುವಾ ಅಂದೆ, 5 ಲಕ್ಷದವರೆಗಿನ ಕೇಸಿಗೆ ಫೀಸ್ ಇಲ್ಲ, ಎರಡು ವರ್ಷದೊಳಗೆ ಹಾಕಿದ್ರೆ ಸಾಕು. ಅಪ್ಪ ಬೇಡ ಅಂದ್ರು, ಸೈನ್ ಹಾಕಿದ್ದು ನಾನೇ ಅಲ್ವಾ ಅಂತ.

ಊಟದ್ದೂ ಒಂದು ಮಾತು. ಎಲೆಗೆ 280, ಕಮ್ಮಿ ಅಂದ್ರೆ 600 ಎಲೆ ಅಂತ ಮಾತಾಗಿತ್ತು, ಮಳೆಯಿಂದಾಗಿ ಹಾಕಿದ್ದು 430. ಉಳಿದ 170 ಎಲೆಯ 47,600 ಹೋಯ್ತು. ಅಡಿಗೆಯವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಅವರು 600 ಮಂದಿಗೆ ಮಾಡಿಯೇ ಇಟ್ಟಿದ್ರು, ಪಾಯಸ ಹೋಳಿಗೆ ರಾತ್ರಿ ಮಳೆಯಲ್ಲೇ ಮನೆಮನೆಗೆ ಕೊಟ್ಟು ಬಂದೆವು. ಮದುವೆಗೆ ಮೂರು ದಿನ ಮೊದಲು ಎಲೆ ಲೆಕ್ಕ ಇಳಿಸ್ಲಿಕ್ಕೆ ಅವಕಾಶ ಉಂಟಾ ಅಂತ ಬುಕ್ ಮಾಡುವಾಗಲೇ ಕೇಳಿ. ನಾವು ಕೇಳಿರ್ಲಿಲ್ಲ.

ಈ ಸಲ ಚಿಕ್ಕಪ್ಪನ ಮಗಳ ಮದುವೆಗೆ ಹಾಲ್ ನೋಡ್ಲಿಕ್ಕೆ ನಾನೇ ಹೋದೆ. ಬಾಡಿಗೆ ಎಷ್ಟು ಅಂತ ಕೇಳ್ಲಿಲ್ಲ, ಕೊನೆಗೆ ಕೈಯಿಂದ ಒಟ್ಟು ಎಷ್ಟು ಹೋಗ್ತದೆ ಅಂತ ಕೇಳಿದೆ. ಒಳಗೆ ಬರುವ ಗಂಟೆ, ಬಿಡುವ ಗಂಟೆ, ಜನರೇಟರ್, ಕಸ, ಮೀಟರ್ ರೀಡಿಂಗ್ ಇಬ್ಬರ ಎದುರೇ ತೆಗೀಬೇಕು ಅಂತ, ಎಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಅವರ ಸೈನ್ ಸೀಲ್ ಹಾಕಿಸ್ಕೊಂಡೆ. ಮೊದಲು ಆಗುವುದಿಲ್ಲ ಅಂದ್ರು, ಎದ್ದು ಹೊರಟ ಮೇಲೆ ಹಾಕಿದ್ರು. ಆ ಹಾಳೆಯ ಫೋಟೋ ಬೇಕಾದವರು ಕೇಳಿ, ಕಳಿಸ್ತೇನೆ.

ಅವತ್ತಿನ ಗಡಿಬಿಡಿಯಲ್ಲಿ ಅಪ್ಪ ಹರಿದ ಕವರ್‌ಗಳ ಮೇಲಿನ ಹೆಸರು ಯಾರೂ ಬರೆದಿಟ್ಟಿಲ್ಲ. ಯಾರದ್ದೋ ಮನೆಯಿಂದ ಮದುವೆ ಕಾಗದ ಬಂದ್ರೆ ಅಪ್ಪ ಈಗಲೂ ಡೈರಿ ತೆಗೆದು ನೋಡ್ತಾರೆ, ಅವರು ನಮಗೆ ಎಷ್ಟು ಹಾಕಿದ್ರು ಅಂತ. ಹೆಸರು ಇರುವುದಿಲ್ಲ. ಡೈರಿ ಮುಚ್ಚಿ, ಕಮ್ಮಿಯಾಗುವುದು ಬೇಡ ಅಂತ ಒಂದು ಸಾವಿರ ಹಾಕಿ ಕೊಡ್ತಾರೆ.