ಕಂಫರ್ಟಬ್ಲಿ ನಮ್: ಯಾವ ಟೂರಿನದು ಹೆಚ್ಚು?

'ಪಲ್ಸ್' ಎಂದು ಹೇಳಿಬಿಟ್ಟರೆ ವಾದ ಮುಗಿಯಿತು ಎಂದು ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಬಹಳ ಜನ ಅಭಿಮಾನಿಗಳು ಅಂದುಕೊಂಡಿದ್ದಾರೆ. 'ಕಂಫರ್ಟಬ್ಲಿ ನಮ್' ಹಾಡಿನ ಒಳ್ಳೆಯ ಲೈವ್ ಯಾವುದು ಎಂದು ಕೇಳಿದರೆ ಸಾಕು, 1994ರ ಟೂರಿನ ಆ 'ಪಲ್ಸ್' ವಿಡಿಯೊ ಲಿಂಕ್ ಕಳಿಸುತ್ತಾರೆ. ಕೆಳಗೆ ಒಂದು ಸಾಲು: ಕೊನೆಯ ಸೋಲೋ ಕೇಳು.

ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗ, ಕೇಳಬೇಕಾದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಅಷ್ಟನ್ನೇ ಕೇಳಿ ತೀರ್ಪು ಕೊಡುವುದು ಯಾಕೋ ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಈಚೆಗೆ ಬೇರೆ ಬೇರೆ ಟೂರುಗಳ ರೆಕಾರ್ಡಿಂಗ್‌ಗಳನ್ನು ಒಂದೇ ಹೆಡ್‌ಫೋನಿನಲ್ಲಿ ಸಾಲಾಗಿ ಕೇಳುತ್ತಾ ಹೋದೆ. ಪೂರ್ತಿ ಹಾಡು, ಮೊದಲಿನಿಂದ. ಹಾಗೆ ಕೇಳಿದಾಗ ಒಂದು ಟೂರನ್ನು ಇನ್ನೊಂದರಿಂದ ಬೇರೆ ಮಾಡುವುದು ಗಿಟಾರ್‌ಗಿಂತ ಜಾಸ್ತಿ ಚರಣ ಹಾಡುವ ದನಿ ಅನ್ನಿಸಿತು.

ಹಾಡಿನ ಕಟ್ಟಡ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. 1979ರ ನವೆಂಬರ್ 30ರಂದು ಬಂದ 'ದ ವಾಲ್' ಆಲ್ಬಮ್ಮಿನ ಹಾಡು ಇದು. ಸ್ಟೇಜಿಗೆ ಹೋಗಬೇಕಾದ ರಾಕ್ ಗಾಯಕ ಹೋಟೆಲ್ ರೂಮಿನಲ್ಲಿ ಮಂಕಾಗಿ ಬಿದ್ದಿದ್ದಾನೆ. ಡಾಕ್ಟರ್ ಬಂದು ಸೂಜಿ ಚುಚ್ಚಿ ಎಬ್ಬಿಸುತ್ತಾನೆ. ಚರಣಗಳು ಡಾಕ್ಟರನದು, ಪಲ್ಲವಿ ರೋಗಿಯದು. ಚರಣ ಬಿ ಮೈನರ್‌ನಲ್ಲಿ ಭಾರವಾಗಿ ನಡೆಯುತ್ತದೆ. ಪಲ್ಲವಿ ಡಿ ಮೇಜರ್‌ಗೆ ಹೊರಳಿ ಹಗುರಾಗುತ್ತದೆ. ಮೊದಲ ಸೋಲೋ ಆ ಹಗುರಿನಲ್ಲೇ ಇದೆ. ಕೊನೆಯ ದೊಡ್ಡ ಸೋಲೋ ಮತ್ತೆ ಬಿ ಮೈನರ್‌ಗೆ, ಅಂದರೆ ಡಾಕ್ಟರನ ಸ್ವರಗಳಿಗೇ ಇಳಿಯುತ್ತದೆ. ರೋಗಿ ಬಾಯಲ್ಲಿ ಹೇಳಲಾಗದ್ದನ್ನು ಗಿಟಾರ್ ಡಾಕ್ಟರನ ಜಾಗದಲ್ಲೇ ನಿಂತು ಹೇಳುತ್ತದೆ. ಡಾಕ್ಟರ್ ಪೇಲವವಾದರೆ ಆ ಸೋಲೋ ಯಾರ ಮೇಲೆ ಸಿಟ್ಟಾಗಬೇಕು ಹೇಳಿ?

ಸಾಹಿತ್ಯ ಬ್ಯಾಂಡಿನ ಬಾಸ್ ಗಿಟಾರಿಸ್ಟ್ ರೋಜರ್ ವಾಟರ್ಸ್‌ದು. 1977ರಲ್ಲಿ ಫಿಲಡೆಲ್ಫಿಯಾದ ಶೋಗೆ ಮುಂಚೆ ಹೊಟ್ಟೆನೋವು ಅಂತ ಅವರಿಗೆ ಇಂಜೆಕ್ಷನ್ ಕೊಟ್ಟಿದ್ದರು. ಆ ರಾತ್ರಿಯ ಮಂಪರಿನಿಂದ ಹುಟ್ಟಿದ್ದು ಇದು. ರಾಗ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ತಾವೊಬ್ಬರೇ ಮಾಡಿದ ಆಲ್ಬಮ್ಮಿನ ಕಾಲದಲ್ಲಿ ಮಾಡಿಟ್ಟಿದ್ದ ಡೆಮೊದಿಂದ ಬಂದದ್ದು. ಮೈಕೆಲ್ ಕೇಮನ್ ಬರೆದ ಆರ್ಕೆಸ್ಟ್ರಾ ಎಷ್ಟಿರಬೇಕು ಎಂದು ಇಬ್ಬರೂ ಸ್ಟುಡಿಯೊದಲ್ಲಿ ಜಗಳವಾಡಿದರು. ಅಷ್ಟೆಲ್ಲ ಆಗಿ ಆರು ನಿಮಿಷ ಚಿಲ್ಲರೆಯ ಹಾಡಾಯಿತು. ಕೊನೆಯ ಸೋಲೋ ಇನ್ನೇನು ಮೇಲೇರಬೇಕು ಅನ್ನುವಾಗ ದನಿ ತಗ್ಗಿಸಿಬಿಡುತ್ತಾರೆ. ಲೈವ್‌ಗಳ ಹಿಂದೆ ಜನ ಬೀಳುವುದಕ್ಕೆ ಅರ್ಧ ಕಾರಣ ಇದೇ.

ಈಗ ಮೊದಲ ಟೂರು, 1980-81. ಒಟ್ಟು 31 ಶೋ, ನಾಲ್ಕೇ ಊರು: ಲಾಸ್ ಏಂಜಲೀಸ್, ನ್ಯೂಯಾರ್ಕ್ ಪಕ್ಕದ ಯೂನಿಯನ್‌ಡೇಲ್, ಲಂಡನ್, ಡಾರ್ಟ್‌ಮಂಡ್. ಸ್ಟೇಜಿಗೆ ಅಡ್ಡವಾಗಿ 40 ಅಡಿ ಎತ್ತರದ ಗೋಡೆ. ಈ ಹಾಡಿನ ಹೊತ್ತಿಗೆ ಗೋಡೆ ಪೂರ್ತಿ ಎದ್ದಿರುತ್ತದೆ. ವಾಟರ್ಸ್ ಬಿಳಿ ಕೋಟು ಹಾಕಿಕೊಂಡು ಗೋಡೆಯ ಬುಡದಲ್ಲಿ ನಿಂತು ಡಾಕ್ಟರ್ ಆಗುತ್ತಾರೆ. ಪಲ್ಲವಿ ಶುರುವಾದ ತಕ್ಷಣ ಗೋಡೆಯ ನೆತ್ತಿಯ ಮೇಲೆ ಬೆಳಕು. ಅಲ್ಲಿ ಗಿಲ್ಮೋರ್! ಅಲ್ಲಿಯತನಕ ಅವರು ಕತ್ತಲಲ್ಲಿ ಒಬ್ಬರೇ ಕಾಯುತ್ತಿದ್ದರು. ಕೆಳಗೆ ನೋಡುತ್ತಿದ್ದ ಜನ ಒಟ್ಟಿಗೆ ತಲೆ ಎತ್ತುವುದನ್ನು ಮೇಲಿಂದ ನೋಡುವ ಖುಷಿಯ ಬಗ್ಗೆ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ನಿಂತಿದ್ದ ಅಟ್ಟಣೆ ಮಾತ್ರ ಚಕ್ರ ಇರುವ ಪೆಟ್ಟಿಗೆಯಂಥದ್ದು. ಅದು ಅಲುಗಾಡದಂತೆ ಹಿಂದೆ ಒಬ್ಬ ಹಿಡಿದುಕೊಂಡಿರಬೇಕಿತ್ತು.

ಇದರ ಆಡಿಯೊ 2000ದಲ್ಲಿ ಅಧಿಕೃತವಾಗಿ ಬಂತು, ಲಂಡನ್ನಿನ ಅರ್ಲ್ಸ್ ಕೋರ್ಟ್ ಶೋಗಳಿಂದ ಆರಿಸಿದ್ದು. ಹಾಡು ಏಳೂವರೆ ನಿಮಿಷದ ಹತ್ತಿರ. ಇಲ್ಲಿ ವಾಟರ್ಸ್ ದನಿ ಕೇಳಬೇಕು. ಕನಿಕರ ಎಂಬುದೇ ಇಲ್ಲ. ಶೋ ನಡೆಯಬೇಕು, ದುಡ್ಡು ಬರಬೇಕು, ಅಷ್ಟೇ ಈ ಡಾಕ್ಟರನ ಚಿಂತೆ. ಪ್ರಶ್ನೆ ಕೇಳುತ್ತಾನೆ, ಉತ್ತರ ಬೇಕಿಲ್ಲ. ಅದಾದ ಮೇಲೆ ಗಿಲ್ಮೋರ್ ಪಲ್ಲವಿ ಎತ್ತಿಕೊಂಡಾಗ ಬೇರೆ ಯಾವುದೋ ಊರಿಂದ ಬಂದ ದನಿ ಅನ್ನಿಸುತ್ತದೆ. ಈ ಅಂತರ ಮುಂದಿನ ಟೂರುಗಳಲ್ಲಿ ಇಷ್ಟು ಚೆನ್ನಾಗಿ ಸಿಗುವುದೇ ಇಲ್ಲ. ಸೋಲೋ ಸ್ವಲ್ಪ ಒರಟು. ಕೆಲವು ಕಡೆ ಗಿಲ್ಮೋರ್ ಹುಡುಕುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ನನಗೆ ಅದೂ ಇಷ್ಟ.

ಮುಂದೆ ವಾಟರ್ಸ್ ಬ್ಯಾಂಡ್ ಬಿಟ್ಟರು. 1987ರಲ್ಲಿ ಉಳಿದವರು ಟೂರಿಗೆ ಹೊರಟಾಗ ಡಾಕ್ಟರ್ ಯಾರು ಎಂಬ ಪ್ರಶ್ನೆ ಬಂತು. ಉತ್ತರ ವಿಚಿತ್ರವಾಗಿತ್ತು: ಕೀಬೋರ್ಡಿನ ರಿಕ್ ರೈಟ್, ಜಾನ್ ಕ್ಯಾರಿನ್, ಬಾಸ್ ಗಿಟಾರಿನ ಗೈ ಪ್ರ್ಯಾಟ್, ಮೂವರೂ ಸೇರಿ ಹಾಡುವುದು. 1988ರ 'ಡೆಲಿಕೇಟ್ ಸೌಂಡ್ ಆಫ್ ಥಂಡರ್' ಆಲ್ಬಮ್ಮಿನಲ್ಲಿ ಇದು ಒಂಬತ್ತು ನಿಮಿಷಕ್ಕೆ ಕೆಲವೇ ಸೆಕೆಂಡ್ ಕಡಿಮೆ. ಆ ಆಲ್ಬಮ್ಮಿನ ಕ್ಯಾಸೆಟ್ ಸೋವಿಯತ್ ಗಗನಯಾತ್ರಿಗಳ ಜೊತೆ ಬಾಹ್ಯಾಕಾಶಕ್ಕೂ ಹೋಗಿತ್ತು. ಹಾಡಿನ ಮಟ್ಟಿಗೆ ಹೇಳುವುದಾದರೆ ಎಂಬತ್ತರ ದಶಕದ ಡ್ರಮ್ ಸದ್ದು ಜಾಸ್ತಿಯೇ ಆಯಿತು. ಎಲ್ಲವೂ ಹೊಳೆಯುತ್ತದೆ, ಯಾವುದೂ ಚುಚ್ಚುವುದಿಲ್ಲ. ಕೇಳುವುದಾದರೆ 2020ರಲ್ಲಿ ಬಂದ ಹೊಸ ಮಿಕ್ಸ್ ಕೇಳಿ, ಕಿವಿಗೆ ಎಷ್ಟೋ ಹಿತ.

1994ರಲ್ಲೂ ಅದೇ ಮೂವರು ಡಾಕ್ಟರುಗಳು. ಆದರೆ ಅಷ್ಟು ಹೊತ್ತಿಗೆ ಅವರಿಗೆ ಹದ ಸಿಕ್ಕಿತ್ತು. ಮೂರು ದನಿ ಒಂದಾಗಿ, ಮನುಷ್ಯರದಲ್ಲದ ಒಂದು ಗುನುಗು ಕೇಳುತ್ತದೆ. ಮಂಪರಿನಲ್ಲಿರುವ ರೋಗಿಗೆ ಡಾಕ್ಟರ್ ಹೀಗೇ ಕೇಳಿಸುತ್ತಿರಬಹುದು. ಬುದ್ಧಿವಂತಿಕೆಯ ದಾರಿಯೇ. ಆದರೂ ಕೇಡಿಗತನ ಹೋಯಿತು. ಇವನು ದುಡ್ಡಿಗಾಗಿ ಬಂದ ಡಾಕ್ಟರ್ ಅಲ್ಲ, ಸುಮ್ನೆ ಒಂದು ಕನಸು.

ಇನ್ನು ಆ ಸೋಲೋ. ಅರ್ಲ್ಸ್ ಕೋರ್ಟ್, ಅಕ್ಟೋಬರ್ 20ರ ವಿಡಿಯೊ. ಹಾಡು ಒಂಬತ್ತೂವರೆ ನಿಮಿಷ. ಸ್ಟುಡಿಯೊದಲ್ಲಿ ಕೊನೆಯ ಸೋಲೋ ಎರಡು ನಿಮಿಷದ ಆಸುಪಾಸು ಇದ್ದರೆ ಇಲ್ಲಿ ಅದರ ದುಪ್ಪಟ್ಟಿಗಿಂತ ಜಾಸ್ತಿ. ಶುರುವಿನಲ್ಲಿ ಆಲ್ಬಮ್ಮಿನ ಸಾಲುಗಳನ್ನೇ ನುಡಿಸುತ್ತಾರೆ. ಅಷ್ಟಕ್ಕೇ ಜನ ಕೂಗುತ್ತಾರೆ. ಆಮೇಲೆ ಆ ದಾರಿ ಬಿಟ್ಟು ಹೊರಡುತ್ತಾರೆ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿಲಲ್ಲಿ ಎರಡು ಮೂರು ಸ್ವರ ತೆಗೆಯುತ್ತಾರಲ್ಲ, ಗಿಲ್ಮೋರ್ ಬೆಂಡ್ ಮಾಡುವುದು ಹಾಗೆಯೇ. ಸ್ವರಕ್ಕೆ ಹೋಗಿ ನಿಂತು, ಇನ್ನೂ ಸ್ವಲ್ಪ ಎಳೆದು, ಅಲ್ಲಿ ನಡುಗಿಸುತ್ತಾರೆ. ವೇಗ ಅವರಿಗೆ ಬೇಕಿಲ್ಲ. ಎರಡು ಸಾಲಿನ ನಡುವೆ ಬಿಡುವ ಜಾಗವನ್ನು ಗಮನಿಸಿ. ಅಲ್ಲಿ ರೈಟ್ ಅವರ ಕೀಬೋರ್ಡ್ ಮೆಲ್ಲಗೆ ತುಂಬಿಕೊಳ್ಳುತ್ತದೆ.

ಅದರ ನಡುವೆ ಸಭಾಂಗಣದ ಮಧ್ಯದಿಂದ ದೈತ್ಯ ಕನ್ನಡಿ ಗೋಲವೊಂದು ಮೇಲೇಳುತ್ತದೆ. ಬೆಳಕು ಚೂರುಚೂರಾಗಿ ಎಲ್ಲರ ಮೇಲೆ ಬೀಳುತ್ತದೆ. ಗೋಲ ದಳದಳವಾಗಿ ಬಿಚ್ಚಿಕೊಳ್ಳುತ್ತದೆ. ಬೆಳಕಿನ ವಿನ್ಯಾಸ ಮಾರ್ಕ್ ಬ್ರಿಕ್‌ಮನ್ ಅವರದು. ನನ್ನ ಅನುಮಾನ ಏನೆಂದರೆ, 'ಪಲ್ಸ್' ಎಂದು ಕೈ ಎತ್ತುವವರಲ್ಲಿ ಅರ್ಧ ಜನ ಓಟು ಹಾಕುತ್ತಿರುವುದು ಈ ಗೋಲಕ್ಕೆ. ಪರದೆ ಆಫ್ ಮಾಡಿ ಬರೀ ಆಡಿಯೊ ಕೇಳಿ ನೋಡಿ. ಸೋಲೋ ಆಗಲೂ ಮೊದಲ ಸ್ಥಾನದಲ್ಲೇ ಇರುತ್ತದೆ. ಹಾಡು ಇರುವುದಿಲ್ಲ.

2005ರ ಜುಲೈ 2ರ ಲೈವ್ 8 (ಬಡತನದ ವಿರುದ್ಧ ನಡೆದ ಸಂಗೀತ ಕಾರ್ಯಕ್ರಮ) ಟೂರಲ್ಲ, ಒಂದೇ ಒಂದು ಸಂಜೆ. ಆದರೂ ಅದನ್ನು ಬಿಟ್ಟು ಹೋಲಿಸಲು ಆಗುವುದಿಲ್ಲ. 1981ರ ನಂತರ ವಾಟರ್ಸ್, ಗಿಲ್ಮೋರ್, ರೈಟ್, ಡ್ರಮ್ಮಿನ ನಿಕ್ ಮೇಸನ್, ನಾಲ್ವರೂ ಒಟ್ಟಿಗೆ ನಿಂತದ್ದು ಲಂಡನ್ನಿನ ಹೈಡ್ ಪಾರ್ಕಿನ ಆ ಸ್ಟೇಜಿನಲ್ಲಿ ಮಾತ್ರ. ಮುಂದೆ 2008ರಲ್ಲಿ ರೈಟ್ ತೀರಿಕೊಂಡರು, ಆ ಸಾಧ್ಯತೆಯೇ ಮುಗಿಯಿತು. ನಾಲ್ಕು ಭಾಗಗಳ ಪುಟ್ಟ ಕಾರ್ಯಕ್ರಮದ ಕೊನೆಗೆ ಈ ಹಾಡು. ಸೋಲೋ ಚಿಕ್ಕದು, ಸಮಯ ಇರಲಿಲ್ಲ. ಗಿಲ್ಮೋರ್ ಕೈಯಲ್ಲಿ ಮತ್ತೆ ಹಳೆಯ ಕಪ್ಪು ಸ್ಟ್ರಾಟೊಕ್ಯಾಸ್ಟರ್. 1988, 1994ರಲ್ಲಿ ನುಡಿಸಿದ್ದು ಕೆಂಪು ಗಿಟಾರ್, ಅದರ ದನಿ ನುಣುಪು. ಕಪ್ಪಿನದು ಒಂಚೂರು ಗರಗಸ. (ಇದೇ ಕಪ್ಪು ಗಿಟಾರ್ 2019ರ ಹರಾಜಿನಲ್ಲಿ ಹತ್ತಿರ ಹತ್ತಿರ 40 ಲಕ್ಷ ಡಾಲರ್‌ಗೆ ಹೋಯಿತು.)

ಇಲ್ಲಿ ಡಾಕ್ಟರ್ ವಾಪಸ್ ಬಂದಿದ್ದಾನೆ, ಆದರೆ ಖುಷಿಯಲ್ಲಿದ್ದಾನೆ! ವಾಟರ್ಸ್ ಮುಖದ ಸಂತೋಷ ದನಿಯಲ್ಲೂ ಇಣುಕುತ್ತದೆ. ಪಾತ್ರಕ್ಕೆ ಅದು ತಪ್ಪು. ಆ ಸಂಜೆಗೆ ಮಾತ್ರ ಬೇರೆ ಯಾವ ದನಿಯೂ ಒಪ್ಪುತ್ತಿರಲಿಲ್ಲ. ಕೊನೆಗೆ ವಾಟರ್ಸ್ ತೋಳು ಚಾಚಿ ಕರೆಯುತ್ತಾರೆ, ಗಿಲ್ಮೋರ್ ಒಲ್ಲದ ಮನಸ್ಸಿನಿಂದ ಬಂದು ಸೇರಿಕೊಳ್ಳುತ್ತಾರೆ. ಅಂಕ ಕೊಡುವಾಗ ಇದನ್ನೆಲ್ಲ ಪಕ್ಕಕ್ಕಿಡಬೇಕು. ನನ್ನ ಕೈಲಿ ಆಗುವುದಿಲ್ಲ.

ವಾಟರ್ಸ್ ಒಬ್ಬರೇ ಮಾಡಿದ ಶೋಗಳಲ್ಲಿ ಸಮಸ್ಯೆ ತಿರುಗುಮುರುಗು. ಡಾಕ್ಟರ್ ಇದ್ದಾನೆ, ರೋಗಿ ಬಾಡಿಗೆಗೆ. 1990ರಲ್ಲಿ ಬರ್ಲಿನ್ನಿನಲ್ಲಿ ಪಲ್ಲವಿಯನ್ನು ವ್ಯಾನ್ ಮಾರಿಸನ್ ಹಾಡಿದರು. ಗಾಯಕ ದೊಡ್ಡವರೇ, ಆದರೆ ಅವರು ಈ ರೋಗಿಯಷ್ಟು ಸುಸ್ತಾದವರಲ್ಲ, ಎದ್ದು ಕೂತು ಹಾಡುತ್ತಾರೆ. 'ಇನ್ ದ ಫ್ಲೆಶ್' ಟೂರಿನ ಆಲ್ಬಮ್ಮಿನಲ್ಲಿ ಡಾಯ್ಲ್ ಬ್ರ್ಯಾಮ್‌ಹಾಲ್ ಮತ್ತು ಸ್ನೋಯಿ ವೈಟ್ ಸೋಲೋವನ್ನು ಹಂಚಿಕೊಳ್ಳುತ್ತಾರೆ. ಅದೇ ಟೂರು 2002ರಲ್ಲಿ ಬೆಂಗಳೂರಿಗೂ ಬಂದಿತ್ತು. ಪ್ಯಾಲೇಸ್ ಗ್ರೌಂಡ್ಸ್‌ನ ಆ ರಾತ್ರಿಯನ್ನು ನಮ್ಮೂರಿನ ರಾಕ್ ಹುಚ್ಚರು ಇನ್ನೂ ಬಿಟ್ಟುಕೊಟ್ಟಿಲ್ಲ. ಕಾರಣ ಗೊತ್ತು: ಕ್ಯಾಸೆಟ್ಟಿನಲ್ಲಿ ಕೇಳಿದ ಡಾಕ್ಟರನ ದನಿ ಎದುರಿಗೇ ಇತ್ತು. ಇಬ್ಬರು ಗಿಟಾರಿಸ್ಟರ ಜುಗಲ್‌ಬಂದಿಯಲ್ಲಿ ರೋಮಾಂಚನ ಇದೆ, ಒಂಟಿತನ ಇಲ್ಲ. ಈ ಸೋಲೋ ಒಬ್ಬನೇ ನುಡಿಸಬೇಕಾದ್ದು.

2010ರಿಂದ 2013ರವರೆಗಿನ ವಾಟರ್ಸ್ ಅವರ 'ದ ವಾಲ್' ಟೂರಿನಲ್ಲಿ ಒಂದು ರಾತ್ರಿ ಮಾತ್ರ ಬೇರೆಯೇ ತೂಕದ್ದು. 2011ರ ಮೇ 12, ಲಂಡನ್ನಿನ ಓ2 ಸಭಾಂಗಣ. ಪಲ್ಲವಿ ಬಂದಾಗ ಗೋಡೆಯ ಮೇಲೆ ಬೆಳಕು ಬಿತ್ತು, ಅಲ್ಲಿ ನಿಜವಾದ ಗಿಲ್ಮೋರ್. ಒಂದು ಚಾರಿಟಿ ಕಾರ್ಯಕ್ರಮದಲ್ಲಿ ವಾಟರ್ಸ್ ತಮ್ಮ ಜೊತೆ ಒಂದು ಹಳೆಯ ಪ್ರೇಮಗೀತೆ ಹಾಡಿದರೆ ತಾವು ಬಂದು ನುಡಿಸುವುದಾಗಿ ಗಿಲ್ಮೋರ್ ಒಪ್ಪಿಕೊಂಡಿದ್ದರು. ವಾಟರ್ಸ್ ಹಾಡಿದರು, ಗಿಲ್ಮೋರ್ ಮಾತು ಉಳಿಸಿಕೊಂಡರು. 30 ವರ್ಷದ ನಂತರ ಮತ್ತೆ ವಾಟರ್ಸ್ ಕೆಳಗೆ, ಗಿಲ್ಮೋರ್ ಮೇಲೆ. ದನಿಗಳಿಗೆ ವಯಸ್ಸಾಗಿದೆ. ಅಂತರ ಮಾತ್ರ ಹಾಗೇ ಇದೆ. 1980ರದಕ್ಕೆ ಹತ್ತಿರ ಬರುವುದು ಇದೊಂದೇ.

ಗಿಲ್ಮೋರ್ ತಮ್ಮ ಟೂರುಗಳಲ್ಲಿ ಡಾಕ್ಟರುಗಳನ್ನು ಬದಲಿಸುತ್ತಲೇ ಹೋದರು. 2006ರ ಮೇ 29ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಡೇವಿಡ್ ಬೋವಿ ಬಂದರು. ಅವರದು ಅರ್ಧ ಹಾಡು, ಅರ್ಧ ಮಾತು. ಸ್ವಲ್ಪ ನಾಟಕೀಯ, ಆದರೆ ವಾಟರ್ಸ್ ಬಿಟ್ಟರೆ ಈ ಪಾತ್ರವನ್ನು ಪಾತ್ರವಾಗಿ ತೆಗೆದುಕೊಂಡವರು ಅವರೊಬ್ಬರೇ. ಅದೇ ವರ್ಷ ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ರೈಟ್ ಚರಣ ಹಾಡಿದರು. ಮೆತ್ತನೆಯ ದನಿ. ಈ ಡಾಕ್ಟರ್ ಇಂಜೆಕ್ಷನ್ ಕೊಟ್ಟು ಆಮೇಲೆ ಕ್ಷಮೆ ಕೇಳುವವನ ಹಾಗಿದ್ದಾನೆ. ಹಿಂದೆ ತಂತಿವಾದ್ಯಗಳ ಆರ್ಕೆಸ್ಟ್ರಾ ಬೇರೆ. ಆ ಸೋಲೋ 'ಪಲ್ಸ್'ಗೆ ಸರಿಸಮ ಎನ್ನುವವರಿದ್ದಾರೆ. ಒಂದು ಕೂದಲು ಕಡಿಮೆ ಎನ್ನುತ್ತೇನೆ ನಾನು. 2016ರಲ್ಲಿ ಇಟಲಿಯ ಪೊಂಪೇಯಲ್ಲಿ ಕೀಬೋರ್ಡಿನ ಚಕ್ ಲೆವೆಲ್ ಹಾಡುತ್ತಾರೆ. ಲೇಸರ್ ಬೆಳಕು, ಎರಡು ಸಾವಿರ ವರ್ಷದ ಕಲ್ಲಿನ ರಂಗ, ಎಲ್ಲ ಕಣ್ಣಿಗೆ ಹಬ್ಬ. ಲೆವೆಲ್ ದನಿ ಮಾತ್ರ ಬಹಳ ಒಳ್ಳೆಯ ಮನುಷ್ಯನದು. ಅದೇ ತೊಂದರೆ.

ಹಾಗಾದರೆ ಯಾವುದು? ಇಡೀ ಹಾಡು ಬೇಕು ಅಂದರೆ 1980-81. ಬರೀ ಸೋಲೋ ಬೇಕು ಅಂದರೆ 1994, ದೊಡ್ಡ ಪರದೆಯಲ್ಲಿ, ಗೋಲದ ಸಮೇತ. ಕಣ್ಣು ಒದ್ದೆಯಾಗಬೇಕು ಅಂದರೆ ಲೈವ್ 8.

ಇನ್ನೊಂದು ಉಳಿದಿದೆ. 2022ರ ಟೂರಿನಲ್ಲಿ ವಾಟರ್ಸ್ ಇದೇ ಹಾಡಿನಿಂದ ಶೋ ಶುರು ಮಾಡಿದರು. ಸ್ವರ ಒಂದು ಮೆಟ್ಟಿಲು ಕೆಳಗೆ, ಗಿಟಾರ್ ಸೋಲೋ ಇಲ್ಲವೇ ಇಲ್ಲ! ಪರದೆಯ ಮೇಲೆ ಪಾಳುಬಿದ್ದ ನಗರ. ಕೊನೆಯಲ್ಲಿ ಗಿಟಾರ್ ಬರಬೇಕಾದ ಜಾಗದಲ್ಲಿ ಶನೇ ಜಾನ್ಸನ್ ಎಂಬ ಗಾಯಕಿಯ ದನಿ, ಮಾತಿಲ್ಲದ ಆಲಾಪದ ಹಾಗೆ. ಅಭಿಮಾನಿಗಳು ಬೈದರು. ನನಗೂ ಮೊದಲು ಕೇಳಿದಾಗ ಏನೋ ಕದ್ದುಕೊಂಡು ಹೋದರು ಅನ್ನಿಸಿತು. ಆದರೆ ಡಾಕ್ಟರನ ಕಡೆಯಿಂದ ನೋಡಿದರೆ ಲೆಕ್ಕ ಸರಿಯಾಗೇ ಇದೆ. ಇಲ್ಲಿ ಅವನು ಗೆದ್ದಿದ್ದಾನೆ, ರೋಗಿಗೆ ಎದುರು ಮಾತಾಡಲು ಗಿಟಾರ್ ಉಳಿದಿಲ್ಲ. ಮಿಕ್ಕವನ್ನೆಲ್ಲ ಕೇಳಿದ ಮೇಲೆ ಇದನ್ನು ಹಾಕಿಕೊಳ್ಳಿ. ಮೊದಲೇ ಬೇಡ, ರಾತ್ರಿ ಮಲಗುವ ಮುಂಚೆಯಂತೂ ಬೇಡವೇ ಬೇಡ.