ಒಂಬತ್ತು ಜನ, ಐದು ಸೀಟು: ಡಬಲ್ ಕ್ಯಾಬಿನ್ ಪಿಕಪ್‌ನೊಂದಿಗೆ ನಾಲ್ಕು ಮಳೆಗಾಲ

ಶಿರಸಿಯ ಆಸುಪಾಸಿನ ಕಾಡಂಚಿನಲ್ಲಿ ಗಿಡ ನೆಡುವ, ಕಳೆ ಸವರುವ ಕೆಲಸವನ್ನು ಗುತ್ತಿಗೆ ಹಿಡಿಯುವ ನಾನು 2022ರ ಏಪ್ರಿಲ್‌ನಲ್ಲಿ ಡಬಲ್ ಕ್ಯಾಬಿನ್ ಪಿಕಪ್ ಒಂದನ್ನು ಕೊಂಡೆ. ಅದಕ್ಕೂ ಮೊದಲು ನಮ್ಮ ಕೆಲಸದವರು ಸಾಮಾನಿನ ಪಿಕಪ್ಪಿನ ಹಿಂಬದಿಯಲ್ಲಿ, ಕತ್ತಿ, ಗುದ್ದಲಿ, ಪೆಟ್ರೋಲ್ ಕ್ಯಾನುಗಳ ನಡುವೆ ನಿಂತೇ ಬರುತ್ತಿದ್ದರು. ಅದನ್ನು ವರ್ಷಗಟ್ಟಲೆ ನೋಡಿಯೂ ಸುಮ್ಮನಿದ್ದವನು ನಾನು.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಗುದ್ದಿದರೆ, ಏನನ್ನೂ ಕಟ್ಟಿಕೊಳ್ಳದೆ ಕುಳಿತವನಿಗೆ ಆಗುವ ಪೆಟ್ಟು ಸುಮಾರು 20 ಅಡಿ ಎತ್ತರದಿಂದ ಬಿದ್ದದ್ದಕ್ಕೆ ಸಮ. ಅಡಿಕೆ ಮರದಿಂದ ಅಷ್ಟು ಕೆಳಗೆ ಬಿದ್ದರೆ ಏನಾಗುತ್ತದೆಂದು ನಮ್ಮ ಸೀಮೆಯಲ್ಲಿ ಯಾರಿಗೂ ವಿವರಿಸಬೇಕಿಲ್ಲವಾದ್ದರಿಂದ, ಬೆಲ್ಟ್ ಹಾಕಲು ಒಲ್ಲೆನೆಂದವರಿಗೆ ನಾನು ಹೇಳಿದ್ದು ಈ ಒಂದು ಲೆಕ್ಕವನ್ನು ಮಾತ್ರ.

ಗಾಡಿಯಲ್ಲಿ ಮುಂದೆ ಚಾಲಕನೂ ಸೇರಿ ಇಬ್ಬರು, ಹಿಂದೆ ಮೂವರು ಕೂರಬಹುದು. ತಗಡಿನ ಮಾಡು, ನಾಲ್ಕು ಬಾಗಿಲು, ಮಳೆಯಲ್ಲೂ ಒದ್ದೆಯಾಗದ ಸೀಟು ಇವೆಲ್ಲ ದೊಡ್ಡ ಸುಖವೇ ಸರಿ. ಆದರೆ ಹಿಂದಿನ ಸೀಟಿನ ಮಧ್ಯದವರಿಗೆ ಸೊಂಟದ ಪಟ್ಟಿ ಮಾತ್ರ ಇರುವುದು ಕೊರತೆ. ಮಳೆಗಾಲದ ಕೆಂಪು ಕೆಸರು ಬೆಲ್ಟಿನ ಕೊಂಡಿಯೊಳಗೆ ಹೊಕ್ಕು ಗಟ್ಟಿಯಾಗುವುದರಿಂದ ವಾರಕ್ಕೊಮ್ಮೆ ತೊಳೆದು ಒರೆಸಲೇಬೇಕು. ಎರಡನೆಯ ವರ್ಷ ಹೀಗೆ ಮಾಡದೆ ಎರಡು ಕೊಂಡಿಗಳನ್ನು ಬದಲಿಸಬೇಕಾಯಿತು. ಕಂಬಳಿಕೊಪ್ಪೆಯ ಮೇಲೆ ಬೆಲ್ಟ್ ಹಾಕಿದರೆ ಅದು ಮೈಗೆ ಕೂರುವುದಿಲ್ಲ. ಕೊಪ್ಪೆಯನ್ನು ತೆಗೆದು ಹಿಂಬದಿಗೆ ಹಾಕಿ ಹತ್ತುವ ಅಭ್ಯಾಸವಾಗಲು ಒಂದು ಮಳೆಗಾಲವೇ ಹಿಡಿಯಿತು. (ರಕ್ತ ಹೀರುವ ಉಂಬಳಗಳೂ ಅದರೊಂದಿಗೆ ಹೊರಗೇ ಉಳಿಯುತ್ತವೆ ಎಂಬುದು ಕೆಲಸದವರು ಕಂಡುಕೊಂಡ ಲಾಭ.)

ಹೊಸ ಗಾಡಿಗೆ ನಾನು ಮೊದಲು ಮಾಡಿಸಿದ್ದು ಹಿಂಬದಿಯಲ್ಲಿ ಬೀಗವಿರುವ ಕಬ್ಬಿಣದ ಪೆಟ್ಟಿಗೆಯನ್ನು ಮತ್ತು ಕ್ಯಾಬಿನ್ನಿನ ಹಿಂದಿನ ಗಾಜಿಗೆ ಅಡ್ಡಲಾಗಿ ದಪ್ಪ ಸರಳಿನ ಜಾಲರಿಯನ್ನು. ಕತ್ತಿಗಳು ಒರೆಯೊಳಗೆ, ಯಂತ್ರಗಳು ಪೆಟ್ಟಿಗೆಯೊಳಗೆ, ಪೆಟ್ರೋಲ್ ಹಿಂಬಾಗಿಲ ಬಳಿ ನೆಟ್ಟಗೆ ಕಟ್ಟಿದ ಕ್ಯಾನಿನಲ್ಲಿ. ಕ್ಯಾಬಿನ್ನಿನೊಳಗೆ ಊಟದ ಡಬ್ಬಿಯ ಹೊರತು ಬೇರಾವುದಕ್ಕೂ ಜಾಗವಿಲ್ಲ.

ಖಾಲಿಯಾಗಿರುವಾಗ ಹಿಂಬದಿ ತೀರ ಹಗುರವಾಗಿ, ಪಟ್ಟಿ ಸ್ಪ್ರಿಂಗಿನ ಮೇಲೆ ಕುಪ್ಪಳಿಸುತ್ತದೆ. ಒದ್ದೆ ಮಣ್ಣಿನ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದ್ದೂ ಉಂಟು. ಎರಡು ಚೀಲ ಮರಳನ್ನು ಹಿಂದಿನ ಚಕ್ರಗಳ ನೇರಕ್ಕೆ ಬಿಗಿಯಾಗಿ ಕಟ್ಟಿದ ಮೇಲೆ ಅದು ಕಡಿಮೆಯಾಯಿತು. ಕುಮಟಾ ಕಡೆಗೆ ದೇವಿಮನೆ ಘಾಟಿ ಇಳಿಯುವಾಗ ಎರಡನೆಯ ಗೇರಿನಲ್ಲೇ ಇಳಿಯಬೇಕು, ಏಕೆಂದರೆ ಉದ್ದಕ್ಕೂ ಬ್ರೇಕನ್ನೇ ತುಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಈ ಗಾಡಿಯ ನಿಜವಾದ ತೊಡಕು ಲೆಕ್ಕದ್ದು. ನಮ್ಮ ತಂಡದಲ್ಲಿ ಒಂಬತ್ತು ಜನರಿದ್ದಾರೆ, ಆರ್‌ಸಿಯಲ್ಲಿರುವ ಸೀಟು ಐದು. ಉಳಿದವರು ಹಿಂದೆ ನಿಂತರೆ ಕೊಂಡದ್ದೇ ವ್ಯರ್ಥ. ಮೊದಲ ಎರಡು ವರ್ಷ, ತಡವಾದಾಗ ನಾನು ಒಪ್ಪಿದ್ದೂ ಇದೆ. 2025ರ ಜನವರಿಯಲ್ಲಿ ಯಲ್ಲಾಪುರ ತಾಲ್ಲೂಕಿನ ಅರಬೈಲು ಸಮೀಪ, ತರಕಾರಿಯ ಜೊತೆ ಸವಣೂರಿನ ವ್ಯಾಪಾರಿಗಳನ್ನೂ ಕುಮಟಾ ಸಂತೆಗೆ ಹೊತ್ತೊಯ್ಯುತ್ತಿದ್ದ ಲಾರಿ ಉರುಳಿ 10 ಮಂದಿ ಸತ್ತ ಮೇಲೆ ಆ ಒಪ್ಪಿಗೆಯನ್ನು ಪೂರ್ತಿ ನಿಲ್ಲಿಸಿದೆ.

ಈಗ ಚಾಲಕ ಮೊದಲ ನಾಲ್ವರನ್ನು ಇಳಿಸಿ, ಮರಳಿ ಹೋಗಿ ಇನ್ನು ನಾಲ್ವರನ್ನು ಕರೆತರುತ್ತಾನೆ. ಡೀಸೆಲ್ ಖರ್ಚು ಹೆಚ್ಚು ಕಡಿಮೆ ಇಮ್ಮಡಿಯಾಗಿದೆ, ಗುತ್ತಿಗೆಯ ದರದಲ್ಲಿ ಅದಕ್ಕೆ ಕಾಸೂ ಇಲ್ಲ. ಹೊಸದಾಗಿ ಕೊಳ್ಳುವವರ ತಂಡ ಐವರನ್ನು ಮೀರಿದ್ದರೆ, ಜನರಿಗೆ ಹೆಚ್ಚು ಸೀಟಿನ ಜೀಪನ್ನೂ ಸಾಮಾನಿಗೆ ಬೇರೆ ಗಾಡಿಯನ್ನೂ ನೋಡುವುದು ಲೇಸು. ತಡವಾಗಿ ಬಂದವರ ಕೂಲಿಯ ತಕರಾರನ್ನು ಕೆಲಸದವರೇ ಬಗೆಹರಿಸಿದರು: ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಬಂದವರು ಸಂಜೆಯೂ ಮೊದಲು ಹೊರಡುತ್ತಾರೆ, ಮರುದಿನ ಸರದಿ ಬದಲಾಗುತ್ತದೆ.