ಹೈಸ್ಕೂಲಿನ ಒಂದು ವರ್ಷ: ಯಾವ ಕಾರ್ಯಕ್ರಮ ಯಾವ ರೀತಿ ಮಾಡಿದರೆ ಒಳ್ಳೆಯದು?

ಜೂನ್‌ನಲ್ಲಿ ಶಾಲೆ ಶುರುವಾದರೆ ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ನಡುವೆ ದಸರಾ ರಜೆ, ಎಫ್‌ಎ, ಎಸ್‌ಎ ಅನ್ನುವ ಕಿರುಪರೀಕ್ಷೆ, ಅರ್ಧವಾರ್ಷಿಕ ಪರೀಕ್ಷೆಗಳು, ಪೂರ್ವಸಿದ್ಧತಾ ಪರೀಕ್ಷೆ ಎಲ್ಲ ಕಳೆದರೆ ಪಾಠದ ಆಚೆಗೆ ಏನಾದರೂ ಮಾಡಲು ಸಿಗುವ ದಿನಗಳು ಬಹಳ ಕಡಿಮೆ. ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ನಾನು ವಿಜ್ಞಾನ ಪಾಠ ಮಾಡುತ್ತೇನೆ. ಒಂದೇ ಕಾರ್ಯಕ್ರಮವನ್ನು ಒಂದು ವರ್ಷ ಒಂದು ರೀತಿ, ಇನ್ನೊಂದು ವರ್ಷ ಇನ್ನೊಂದು ರೀತಿ ಮಾಡಿ ನೋಡಿದ್ದೇವೆ. ಹೊಸ ವರ್ಷದ ಕ್ರಿಯಾಯೋಜನೆ ಬರೆಯುವ ಶಿಕ್ಷಕರಿಗೆ, ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ಇರುವ ತಂದೆತಾಯಿಯರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಹೋಲಿಸುವಾಗ ನಾನು ಮುಖ್ಯವಾಗಿ ನೋಡುವುದು, ಆ ದಿನ ಎಷ್ಟು ಮಕ್ಕಳ ಕೈಯಲ್ಲಿ ಕೆಲಸ ಇತ್ತು, ಎಷ್ಟು ಮಕ್ಕಳು ಸುಮ್ನೆ ಕೂತು ಚಪ್ಪಾಳೆ ತಟ್ಟಿದರು ಎಂಬುದನ್ನು. ಬಹುಮಾನ, ಫೋಟೊ, ಪೇಪರಿನಲ್ಲಿ ಬರುವ ಸುದ್ದಿ ಎಲ್ಲ ಆಮೇಲೆ.

ಮೊದಲು ಶಾಲಾ ಸಂಸತ್ತಿನ ಚುನಾವಣೆ. ಈಗ ಎಷ್ಟೋ ಶಾಲೆಗಳಲ್ಲಿ ಮೊಬೈಲಿಗೆ ವೋಟಿಂಗ್ ಮಷಿನ್ ಆ್ಯಪ್ ಹಾಕಿಕೊಂಡು ಮತದಾನ ಮಾಡಿಸುತ್ತಾರೆ. ನಾವೂ ಮಾಡಿಸಿದ್ದೇವೆ. ಚಿಹ್ನೆಯ ಮುಂದೆ ಒತ್ತಿದರೆ ಬೀಪ್ ಅನ್ನುತ್ತದೆ, ಮಕ್ಕಳಿಗೆ ಖುಷಿ, ಬಿಸಿಯೂಟದ ಹೊತ್ತಿಗೆ ಫಲಿತಾಂಶವೂ ಕೈಯಲ್ಲಿ. ಚೀಟಿ ಹಾಕುವ ಚುನಾವಣೆ ಅಷ್ಟು ಬೇಗ ಮುಗಿಯುವುದಿಲ್ಲ. ಒಬ್ಬರು ಪಟ್ಟಿ ನೋಡಿ ಹೆಸರು ಕೂಗಬೇಕು, ಇನ್ನೊಬ್ಬರು ಸಹಿ ಹಾಕಿಸಿಕೊಂಡು ಎಡಗೈ ತೋರುಬೆರಳಿಗೆ ಗುರುತು ಹಚ್ಚಬೇಕು, ಮತ್ತೊಬ್ಬರು ಚೀಟಿ ಕೊಟ್ಟು ಹೇಗೆ ಮಡಚಬೇಕು ಅಂತ ತೋರಿಸಬೇಕು, ಏಜೆಂಟರು ಕೂತಿರಬೇಕು, ಇಷ್ಟಾದ ಮೇಲೆ ಎಣಿಕೆ. ಎಣಿಕೆಯೇ ಇದರ ಜೀವ. ಒಂದು ವರ್ಷ ಒಂದು ಚೀಟಿಯಲ್ಲಿ ಮುದ್ರೆ ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೇ ಬಿದ್ದಿತ್ತು. ಎರಡೂ ಕಡೆಯ ಏಜೆಂಟರು ಇದು ನಮ್ಮದೇ ಅಂತ ವಾದಕ್ಕೆ ನಿಂತರು. ಚುನಾವಣಾಧಿಕಾರಿ ಆಗಿದ್ದ ಹತ್ತನೇ ಕ್ಲಾಸಿನ ಹುಡುಗಿ ಚೀಟಿಯನ್ನು ಕಿಟಕಿ ಕಡೆ ಹಿಡಿದು ನೋಡಿದಳು. "ಯಾರ ಕಡೆಗೂ ಜಾಸ್ತಿ ಇಲ್ಲ, ಇದು ಅಸಿಂಧು" ಅಂತ ಪಕ್ಕಕ್ಕೆ ಇಟ್ಟಳು. ಇಬ್ಬರೂ ಒಪ್ಪಿಕೊಂಡರು. ಮೊಬೈಲಿನಲ್ಲಿ ಇಂಥ ತೀರ್ಮಾನ ಮಾಡುವ ಅವಕಾಶ ಯಾವ ಮಗುವಿಗೂ ಸಿಗುವುದಿಲ್ಲ.

ಶಾಯಿಯಿಂದ ನನಗೆ ಇನ್ನೊಂದು ಅನುಕೂಲ. ದೇಶದ ಚುನಾವಣೆಗೆ ಬಳಸುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಲ್ಲಿ, ಅದೂ 1962ರ ಚುನಾವಣೆಯಿಂದ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲ ಪಾಠದಲ್ಲೇ ಸಿಲ್ವರ್ ಕ್ಲೋರೈಡ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುವುದು ಬರುತ್ತದೆ. ನಾವು ಬೆರಳಿಗೆ ಹಚ್ಚುವುದು ಬರೀ ಮಾರ್ಕರ್ ಪೆನ್ನು, ಆದರೂ ಚುನಾವಣೆಯ ವಾರದಲ್ಲೇ ಈ ಪಾಠ ಬರುವ ಹಾಗೆ ನೋಡಿಕೊಂಡರೆ ಮತ್ತೆ ಮತ್ತೆ ಹೇಳುವ ಅಗತ್ಯ ಬೀಳುವುದಿಲ್ಲ. ಚೀಟಿಗೆ ಪೂರ್ತಿ ಒಂದು ದಿನ ಹೋಗುತ್ತದೆ, ಹೋಗಲಿ. ಮಕ್ಕಳು ತುಂಬಾ ಜಾಸ್ತಿ ಇರುವ ಶಾಲೆಯಾದರೆ ಮಾತ್ರ ಮೊಬೈಲ್ ಇಟ್ಟುಕೊಳ್ಳಿ, ಅಲ್ಲೂ ಕ್ಲಾಸ್ ಲೀಡರ್ ಆಯ್ಕೆಯನ್ನಾದರೂ ಚೀಟಿಯಲ್ಲೇ ಮಾಡಿಸಿ.

ಪ್ರತಿಭಾ ಕಾರಂಜಿ ಶಿಕ್ಷಣ ಇಲಾಖೆಯೇ ನಡೆಸುವ ಸಾಂಸ್ಕೃತಿಕ ಸ್ಪರ್ಧೆಗಳ ಕಾರ್ಯಕ್ರಮ, ಅದನ್ನು ಬಿಡುವ ಪ್ರಶ್ನೆ ಇಲ್ಲ. ವ್ಯತ್ಯಾಸ ಇರುವುದು ತಯಾರಿಯಲ್ಲಿ. ಹೋದ ವರ್ಷ ಗೆದ್ದವರನ್ನೇ ಕರೆದು ಭಾವಗೀತೆಗೆ ಇವಳು, ಆಶುಭಾಷಣಕ್ಕೆ ಇವನು ಅಂತ ಪಟ್ಟಿ ಮಾಡಿ ಅಭ್ಯಾಸ ಮಾಡಿಸುವುದು ಒಂದು ದಾರಿ. ಶನಿವಾರ ಬೆಳಿಗ್ಗೆ ಒಂದೊಂದು ಸ್ಪರ್ಧೆಯನ್ನು ಕ್ಲಾಸಿನೊಳಗೇ ಎಲ್ಲರಿಗೂ ಇಟ್ಟು, ಅಲ್ಲಿಂದ ಆರಿಸುವುದು ಇನ್ನೊಂದು. ಮೊದಲನೆಯದರಲ್ಲಿ ತಾಲ್ಲೂಕು ಮಟ್ಟದಲ್ಲಿ ಬಹುಮಾನ ಬರುವ ಸಾಧ್ಯತೆ ಜಾಸ್ತಿ, ಇದು ನಿಜ. ಎರಡನೆಯದರಲ್ಲಿ ನಮಗೆ ಸಿಕ್ಕಿದ್ದು ಒಬ್ಬ ಮಿಮಿಕ್ರಿ ಹುಡುಗ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದವನು, ಚಳಿಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರ್, ಡೈರಿ ಗಾಡಿಯ ಹಾರ್ನ್, ತಿಪಟೂರು ಬಸ್ಸಿನ ಕಂಡಕ್ಟರ್ ಎಲ್ಲ ಮಾಡಿ ತೋರಿಸಿದ. ಅವನ ಹೆಸರು ಹಳೆಯ ಪಟ್ಟಿಯಲ್ಲಿ ಯಾವತ್ತೂ ಬರುತ್ತಿರಲಿಲ್ಲ. ಜಾನಪದ ನೃತ್ಯ, ಕವ್ವಾಲಿಯಂಥ ಗುಂಪು ಸ್ಪರ್ಧೆಗೆ ತಿಂಗಳ ಮೊದಲೇ ತಂಡ ಬೇಕು, ಅವಕ್ಕೆ ಮಾತ್ರ ಮೊದಲೇ ಆರಿಸಿ. ಉಳಿದದ್ದೆಲ್ಲ ಶನಿವಾರದ ದಾರಿಯೇ ಮೇಲು.

ಕ್ರೀಡೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋಬಳಿ, ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗುವುದು ಆಯ್ದ ಕೆಲವರು. ಅವರಿಗೆ ಅಲ್ಲಿನ ಅನುಭವ ಬೇಕೇ ಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮಿಕ್ಕವರು ಇಡೀ ವರ್ಷ ಗೆರೆಯ ಆಚೆ ನಿಂತು ಕೂಗುವುದೇ ಆಗುತ್ತದೆ. ಕೆಂಪು, ಹಸಿರು, ನೀಲಿ, ಹಳದಿ ಅಂತ ನಾಲ್ಕು ತಂಡ ಮಾಡಿ ಸಂಜೆಯ ಆಟದ ಪೀರಿಯಡ್ಡಿನಲ್ಲೇ ಪಂದ್ಯ ನಡೆಸಿ. ಇದಕ್ಕೆ ಖೋಖೋನಷ್ಟು ಒಳ್ಳೆಯ ಆಟ ಇಲ್ಲ. ಎಂಟು ಜನ ಸಾಲಿನಲ್ಲಿ ಕೂರಬೇಕು, ಒಬ್ಬರು ಅಟ್ಟಿಸಬೇಕು, ಆ ಕಡೆಯಿಂದ ಮೂವರು ಮೂವರು ಒಳಗೆ ಬರಬೇಕು. ಚೆಂಡು ಬೇಡ, ನೆಟ್ ಬೇಡ, ಎರಡು ಕಂಬ ಸಾಕು. ನಮ್ಮ ಹೆಣ್ಣುಮಕ್ಕಳು ಜಾಸ್ತಿ ಸೇರಿದ್ದೂ ಇದರಲ್ಲೇ.

ಇನ್ನು ನನ್ನ ವಿಷಯ, ವಿಜ್ಞಾನ. ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದ ನೆನಪಿಗೆ. ಹೆಚ್ಚಿನ ಕಡೆ ಆ ದಿನ ವಸ್ತುಪ್ರದರ್ಶನ. ಥರ್ಮೋಕೋಲಿನ ಮನೆ, ಅಡುಗೆ ಸೋಡಾ ಮತ್ತು ವಿನೆಗರ್ ಹಾಕಿ ಉಕ್ಕಿಸುವ ಜ್ವಾಲಾಮುಖಿ, ಅಂಗಡಿಯಿಂದ ತಂದ ಮಳೆನೀರು ಕೊಯ್ಲಿನ ಮಾಡೆಲ್. ನೋಡಲು ಚೆನ್ನಾಗಿರುತ್ತದೆ. ಊರಿನವರೂ ಬರುತ್ತಾರೆ. ಆದರೆ ಮಾಡೆಲ್ ಮಾಡಿದ್ದು ಎಷ್ಟೋ ಸಲ ಅಣ್ಣನೋ ಚಿಕ್ಕಪ್ಪನೋ, ಮಗು ಕಂಠಪಾಠ ಮಾಡಿದ ನಾಲ್ಕು ಸಾಲು ಹೇಳುತ್ತದೆ, ಐದನೇ ಪ್ರಶ್ನೆ ಕೇಳಿದರೆ ನಮ್ಮ ಮುಖ ನೋಡುತ್ತದೆ. ಇದಕ್ಕೆ ಎದುರಾಗಿ ನಾವು ಮಾಡಿದ್ದು, ಊರಿನದೇ ಒಂದು ಪ್ರಶ್ನೆ ಹಿಡಿದು ಅದರ ಹಿಂದೆ ಹೋಗುವುದು. ನಮ್ಮ ಕಡೆ ತೆಂಗೇ ಬದುಕು. ಹಾಗಾಗಿ ಒಂದು ಗುಂಪು ನುಸಿಪೀಡೆ ತೆಗೆದುಕೊಂಡಿತು. ಈ ನುಸಿ ಬರಿಗಣ್ಣಿಗೆ ಕಾಣುವುದಿಲ್ಲ, ಅದು ಮಾಡುವ ಗುರುತು ಮಾತ್ರ ಕಾಣುತ್ತದೆ. ಎಳೆಗಾಯಿಯ ತೊಟ್ಟಿನ ಕೆಳಗೆ ತ್ರಿಕೋನದ ಆಕಾರದ ಬಿಳಚಿದ ಮಚ್ಚೆ, ದಿನ ಕಳೆದಂತೆ ಅದು ಕಂದಾಗಿ ಒರಟಾಗಿ ಸೀಳುತ್ತದೆ. ಮಕ್ಕಳು ತಮ್ಮ ತಮ್ಮ ತೋಟದಲ್ಲಿ ಬಿದ್ದ ಕಾಯಿಗಳನ್ನು ಆಯ್ದು, ಮಚ್ಚೆ ಇಲ್ಲದ್ದು, ಸ್ವಲ್ಪ ಇರುವುದು, ಪೂರ್ತಿ ಆವರಿಸಿದ್ದು ಅಂತ ಮೂರು ರಾಶಿ ಮಾಡಿದರು. ಸಿಪ್ಪೆ ಸುಲಿಸಿ ತೂಕ ನೋಡಿದರು. ಒಬ್ಬ ಹುಡುಗನ ಅಜ್ಜ ಬಂದು, ಹೀಗೆ ತಿರುಚಿದ ಕಾಯಿ ಸುಲಿಯುವುದು ಎಷ್ಟು ಕಷ್ಟ ಅಂತ ತಮ್ಮ ಸುಲಿಗೋಲಿನಲ್ಲೇ ಕ್ಲಾಸಿನ ಮುಂದೆ ತೋರಿಸಿದರು. ನೋಡಲು ಬಂದವರು ಏನು ಕೇಳಿದರೂ ಮಕ್ಕಳ ಹತ್ತಿರ ಉತ್ತರ ಇತ್ತು, ಇಲ್ಲದಿದ್ದರೆ "ಅದು ನಾವು ನೋಡಿಲ್ಲ" ಅಂತ ಧೈರ್ಯವಾಗಿ ಹೇಳಿದರು. ಒಬ್ಬ ವಿಜ್ಞಾನ ಶಿಕ್ಷಕಿಗೆ ಇದಕ್ಕಿಂತ ಏನು ಬೇಕು!

ಶಾಲಾಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್ ವಿಜ್ಞಾನ ಪ್ರಶಸ್ತಿಗೂ ಈ ದಾರಿಯೇ ಅನುಕೂಲ. ಅಲ್ಲಿ ಕೇಳುವುದು ಮಗುವಿನದೇ ಹೊಸ ಐಡಿಯಾ, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ನೇರವಾಗಿ ಮಗುವಿನ ಖಾತೆಗೆ ಬರುತ್ತದೆ. ಕೊನೆಯ ದಿನ ಕೂತು ಇಂಟರ್ನೆಟ್ಟಿನಿಂದ ಐಡಿಯಾ ಎತ್ತಿ ತುಂಬುವುದಕ್ಕಿಂತ, ಕಾಯಿ ಸುಲಿಯುವಾಗ ಹುಟ್ಟಿದ ಪ್ರಶ್ನೆಯನ್ನೇ ಕಳಿಸಿ.

ಈಗ ಶಾಲಾ ವಾರ್ಷಿಕೋತ್ಸವ. ಇದರ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಪ್ರತಿ ವರ್ಷ ಚರ್ಚೆ ಆಗುತ್ತದೆ. ಶಾಮಿಯಾನ, ಮೈಕ್‌ಸೆಟ್, ಲೈಟಿಂಗ್, ಸಿನಿಮಾ ಹಾಡಿಗೆ ಡ್ಯಾನ್ಸ್, ಪೇಟೆಯಿಂದ ಬಾಡಿಗೆ ಡ್ರೆಸ್. ಸಂಜೆ ಊರೆಲ್ಲ ಸೇರುತ್ತದೆ, ಅಜ್ಜಿಯರು ಮುಂದೆ ಜಾಗ ಹಿಡಿದು ಕೂರುತ್ತಾರೆ, ಆ ಸಂಭ್ರಮವನ್ನು ನಾನು ಯಾವತ್ತೂ ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅದಕ್ಕೆ ಬೀಳುವ ಬೆಲೆಯನ್ನೂ ನೋಡಬೇಕು ಅಲ್ವಾ? ಡ್ಯಾನ್ಸ್ ಪ್ರಾಕ್ಟೀಸ್ ಅಂತ ಮೂರು ವಾರ ಮಧ್ಯಾಹ್ನದ ಪಾಠ ನಡೆಯುವುದಿಲ್ಲ. ಬಾಡಿಗೆ ಡ್ರೆಸ್ಸಿಗೆ ಒಬ್ಬರಿಂದ 200-300 ರೂಪಾಯಿ ಕೇಳಬೇಕಾಗುತ್ತದೆ. ಕೊಡಲು ಆಗದ ಮನೆಯ ಮಗು ನನಗೆ ಡ್ಯಾನ್ಸ್ ಇಷ್ಟ ಇಲ್ಲ ಅಂತ ಹೇಳಿ ಹಿಂದೆ ಸರಿಯುತ್ತದೆ. ಇಷ್ಟ ಇದೆ ಅಂತ ನಮಗೆ ಗೊತ್ತಿರುತ್ತದೆ.

ಇದರ ಬದಲಿಗೆ ಮಕ್ಕಳ ಸಂತೆ ಮಾಡಿ ನೋಡಿದೆವು. ಪ್ರೈಮರಿ ಶಾಲೆಗಳಲ್ಲಿ ಇದು ಹೊಸದಲ್ಲ, ಹೈಸ್ಕೂಲಿನಲ್ಲಿ ದೊಡ್ಡ ಮಕ್ಕಳು ನಾಚುತ್ತಾರೆ ಅಂತ ಯಾರೂ ಮುಂದಾಗುವುದಿಲ್ಲ. ಆ ನಾಚಿಕೆ ಮೊದಲ ಗಿರಾಕಿ ಬರುವವರೆಗೆ ಮಾತ್ರ. ನುಗ್ಗೆಸೊಪ್ಪಿನ ಕಟ್ಟು, ಹುಣಸೆಹಣ್ಣು, ಎಳನೀರು, ಮನೆಯ ಉಪ್ಪಿನಕಾಯಿ, ಚುರುಮುರಿ, ಮಜ್ಜಿಗೆ. ನಮ್ಮ ನಿಯಮ ಏನೆಂದರೆ ಅಂಗಡಿ ಇಡುವ ಪ್ರತಿ ಗುಂಪೂ ಲೆಕ್ಕದ ಪುಸ್ತಕ ಬರೆಯಲೇಬೇಕು. ಸಂಜೆ ಚುರುಮುರಿ ಅಂಗಡಿಯವರ ಲೆಕ್ಕದಲ್ಲಿ ದೊಡ್ಡ ವಾದ ಎದ್ದಿತು. ನಿಂಬೆಹಣ್ಣು ಹಿತ್ತಲಿನದು, ಅದಕ್ಕೆ ದುಡ್ಡು ಕೊಟ್ಟಿಲ್ಲ, ಖರ್ಚಿಗೆ ಬರೆಯುವುದು ಬೇಡ ಅಂತ ಒಬ್ಬ. "ಅದನ್ನೇ ಮಾರಿದ್ರೆ ದುಡ್ಡು ಬರ್ತಿತ್ತಲ್ಲೋ, ಬರಿ ಸುಮ್ನೆ" ಅಂತ ಇನ್ನೊಬ್ಬಳು. ನಿಂಬೆ ಸೇರಿಸಿ ಕಳೆದರೆ ಲಾಭ ಅರ್ಧಕ್ಕೆ ಇಳಿಯಿತು. ಗಣಿತದ ಮೇಷ್ಟ್ರು ಮಾರನೇ ದಿನ ಲಾಭ-ನಷ್ಟದ ಪಾಠವನ್ನು ಆ ಪುಸ್ತಕ ಇಟ್ಟುಕೊಂಡೇ ಮಾಡಿದರು. ಆ ದಿನ ಕೆಲಸ ಇಲ್ಲದ ಮಗು ಒಂದೂ ಇರಲಿಲ್ಲ. ಮಾರುವವರು, ಗೇಟಿನಲ್ಲಿ ನಿಲ್ಲುವವರು, ಚಿಲ್ಲರೆ ಹೊಂದಿಸುವವರು, ಕೊನೆಗೆ ಮೈದಾನ ಗುಡಿಸುವವರು.

ಆದರೂ ವೇದಿಕೆಯನ್ನು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಮಗ ಮಗಳು ಮೈಕಿನ ಮುಂದೆ ನಿಂತದ್ದನ್ನು ನೋಡುವ ಆಸೆ ತಂದೆತಾಯಿಗೆ ಇರುತ್ತದೆ, ಅದು ನ್ಯಾಯವಾದ ಆಸೆ. ನಮಗೆ ಸರಿ ಕಂಡದ್ದು ಬೆಳಿಗ್ಗೆಯಿಂದ ಸಂತೆ, ಸಂಜೆ ಎರಡು ಗಂಟೆಯ ಕಾರ್ಯಕ್ರಮ. ಹಾಡು, ಕೋಲಾಟ, ಒಂದು ಸಣ್ಣ ನಾಟಕ. ಬಟ್ಟೆ ಮನೆಯದ್ದೇ. ಕೋಲಾಟಕ್ಕೆ ಎಷ್ಟು ಜನ ಬಂದರೂ ಸುತ್ತು ದೊಡ್ಡದಾಗುತ್ತದೆ, ಯಾರನ್ನೂ ಬೇಡ ಅನ್ನಬೇಕಾಗಿಲ್ಲ. ಭಾಷಣ ಮಾಡುವ ಅತಿಥಿಗಳನ್ನು ಇಬ್ಬರಿಗೆ ಮಿತಿ ಮಾಡಿ, ಇದು ನನ್ನ ಕಳಕಳಿಯ ವಿನಂತಿ.

ಕೊನೆಗೆ ಪ್ರವಾಸ. ಮಕ್ಕಳು ಕೇಳುವುದು ಮೂರು ದಿನದ ಟ್ರಿಪ್. ಜೋಗ, ಮುರುಡೇಶ್ವರ, ಧರ್ಮಸ್ಥಳ. ಕೆಎಸ್‌ಆರ್‌ಟಿಸಿ ಬಸ್ ಒಪ್ಪಂದಕ್ಕೆ ತೆಗೆದುಕೊಂಡು ಡಿಸೆಂಬರಿನಲ್ಲಿ ಹೊರಡುವುದು ನಮ್ಮ ಕಡೆಯ ಪದ್ಧತಿ. ರಾತ್ರಿ ಬಸ್ಸಿನಲ್ಲಿ ಹಾಡು, ಸಮುದ್ರವನ್ನು ಮೊದಲ ಸಲ ನೋಡಿದ ಮಕ್ಕಳ ಮುಖ, ಇದಕ್ಕೆ ಬದಲಿ ಇಲ್ಲ. ಆದರೆ 253 ಮೀಟರ್ ಎತ್ತರದ ಜೋಗದಲ್ಲಿ ಡಿಸೆಂಬರ್ ಹೊತ್ತಿಗೆ ನೀರು ತೆಳ್ಳಗಾಗಿರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿಯ ನೀರು ವಿದ್ಯುತ್ತಿಗೆ ನಿಲ್ಲುತ್ತದೆ, ಧುಮ್ಮಿಕ್ಕುವ ಜೋಗ ನೋಡಬೇಕಾದರೆ ಮಳೆಗಾಲದಲ್ಲೇ ಹೋಗಬೇಕು. ಮೂರು ದಿನದಲ್ಲಿ ಅರ್ಧ ಹೊತ್ತು ಬಸ್ಸಿನಲ್ಲೇ ಕಳೆಯುತ್ತದೆ, ಮಕ್ಕಳು ನಿದ್ದೆಗಣ್ಣಿನಲ್ಲಿ ಇಳಿದು ಫೋಟೊ ತೆಗೆಸಿಕೊಂಡು ಹತ್ತುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಆ ಸುದ್ದಿ ಓದಿದ ದಿನದಿಂದ ನೀರಿನ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗುವುದೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಒಂದು ದಿನದ ಪ್ರವಾಸ ನಮಗೆ ಮನೆ ಬಾಗಿಲಲ್ಲೇ ಇದೆ. ಅರಸೀಕೆರೆಯ ಶಿವಾಲಯ 1220ರ ಹೊಯ್ಸಳ ಗುಡಿ, ಅದರ ಮುಂದಿನ ಮಂಟಪ ಹದಿನಾರು ಮೂಲೆಯ ನಕ್ಷತ್ರದ ಹಾಗಿದೆ. ಊರಿನಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಅದನ್ನು ಎಣಿಸಿ ನೋಡಿರಲಿಲ್ಲ. ಅಲ್ಲಿಂದ ಹಳೇಬೀಡು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರದ ಜೊತೆ ಇದೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾವು ಮಕ್ಕಳನ್ನು ಎಂಟು ಗುಂಪು ಮಾಡಿ, ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿರುವ ಎಂಟು ಸಾಲುಗಳನ್ನು ಗುಂಪಿಗೊಂದರಂತೆ ಕೊಟ್ಟೆವು. ಕೆಳಗೆ ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ತಮ್ಮ ಸಾಲನ್ನು ಹಿಡಿದು ಗುಡಿ ಸುತ್ತಬೇಕು, ಇಷ್ಟವಾದ ಒಂದನ್ನು ಬರೆದುಕೊಳ್ಳಬೇಕು. ಒಂದು ಆನೆ ಇನ್ನೊಂದರ ಹಾಗಿಲ್ಲ ಅಂತ ಅವರೇ ಬಂದು ಹೇಳಿದರು. ಬಳಪದ ಕಲ್ಲು ಅಂದರೆ ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದಂಥದ್ದೇ ಕಲ್ಲು, ಅದಕ್ಕೇ ಇಷ್ಟು ಸಣ್ಣ ಕೆತ್ತನೆ ಸಾಧ್ಯ ಆಯಿತು ಅಂತ ಅಲ್ಲೇ ನಿಂತು ವಿವರಿಸಬಹುದು. ಹತ್ತಿರದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಕಂಬಗಳಿವೆ, ಅವುಗಳ ಮುಂದೆ ನಿಂತರೆ ನಮ್ಮ ಬಿಂಬ ಉದ್ದವಾಗಿ ತೆಳ್ಳಗೆ ಕಾಣುತ್ತದೆ. ಹತ್ತನೇ ಕ್ಲಾಸಿನ ದರ್ಪಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಗೊತ್ತಿಲ್ಲ.

ನನ್ನ ಆಯ್ಕೆ ಸ್ಪಷ್ಟ. ಎಂಟು, ಒಂಬತ್ತನೇ ಕ್ಲಾಸಿಗೆ ಒಂದು ದಿನದ ಹಳೇಬೀಡು, ಎಲ್ಲ ಮಕ್ಕಳೂ ಬರುವಷ್ಟು ಕಡಿಮೆ ಖರ್ಚಿನಲ್ಲಿ. ದೂರದ ಪ್ರವಾಸ ಹತ್ತನೇ ಕ್ಲಾಸಿಗೆ ಮಾತ್ರ, ಅದೂ ಎರಡೇ ದಿನ, ಮೈಸೂರಿನ ಕಡೆಗೆ. ಇಲಾಖೆಯ ಅನುಮತಿ, ತಂದೆತಾಯಿಯ ಒಪ್ಪಿಗೆ ಪತ್ರ, ಇಬ್ಬರು ಶಿಕ್ಷಕಿಯರು ಕಡ್ಡಾಯ. ನೀರಿಗೆ ಇಳಿಯುವ ಜಾಗ ಪಟ್ಟಿಯಲ್ಲೇ ಬೇಡ. ಇದನ್ನೆಲ್ಲ ನವೆಂಬರ್ ಒಂದರ ರಾಜ್ಯೋತ್ಸವ ಮುಗಿದ ವಾರದಲ್ಲೇ ಶುರು ಮಾಡಿದರೆ ಡಿಸೆಂಬರ್ ಮೊದಲ ವಾರಕ್ಕೆ ಬಸ್ ಸಿಗುತ್ತದೆ, ಜನವರಿಯಿಂದ ಹತ್ತನೇ ಕ್ಲಾಸಿನ ಮಕ್ಕಳು ಪುನರಾವರ್ತನೆಗೆ ಕೂರಬಹುದು.